ನಮ್ಮ ಮನೆಯ ನ್ಯೂಟ್ರಲ್

ಕುಷಾಯಿಗೂಡದ ನಮ್ಮ ಮನೆಯಲ್ಲಿ, ಮಿಣುಕುತ್ತಿದ್ದ ಎಲ್‌ಇಡಿ ಬಲ್ಬಿನ ಕೆಳಗೆ ಅವ್ವ ಮತ್ತು ನನ್ನ ಹೆಂಡತಿ ಜಗಳಕ್ಕೆ ನಿಂತಿದ್ದರು. ಸೊಸೆ ತಂದ ಬಲ್ಬೇ ಸರಿಯಿಲ್ಲ ಎಂದು ಅವ್ವ, ಅತ್ತೆ ಸ್ವಿಚ್ಚು ಕುಟ್ಟಿ ಕೆಡಿಸಿದ್ದಾರೆ ಎಂದು ಹೆಂಡತಿ. ನಾನು ಎಂದಿನಂತೆ ಯಾರ ಪರವೂ ಮಾತಾಡದೆ ಸ್ಟೂಲು ಹಿಡಿದುಕೊಂಡಿದ್ದೆ. ಅದರ ಮೇಲೆ ನಿಂತಿದ್ದ ರಾಯಚೂರು ಕಡೆಯ ಎಲೆಕ್ಟ್ರಿಷಿಯನ್ ಮೇನ್ ಬೋರ್ಡ್ ಬಿಚ್ಚಿ ನೋಡಿ ತೀರ್ಪು ಕೊಟ್ಟರು: "ಬಲ್ಬೂ ಚಲೋ ಐತಿ, ಸ್ವಿಚ್ಚೂ ಚಲೋ ಐತ್ರಿ. ನಿಮ್ಮ ಮನ್ಯಾಗ ನ್ಯೂಟ್ರಲ್ ಲೂಸ್ ಆಗೈತಿ."

ಅತ್ತೆ ಸೊಸೆ ಒಟ್ಟಿಗೆ ನನ್ನತ್ತ ತಿರುಗಿದರು. "ಅದು ನಮಗ ಮೊದ್ಲಿಂದನೂ ಗೊತ್ತೈತ್ರಿ" ಎಂದಳು ಅವ್ವ. ಹೆಂಡತಿ ಅವಳ ಹೆಗಲಿಗೆ ಒರಗಿ ನಕ್ಕಳು.

ಎಲೆಕ್ಟ್ರಿಷಿಯನ್ ಆ ನ್ಯೂಟ್ರಲ್ ತಂತಿ ಬಿಗಿ ಮಾಡಿ ಹೋದ ಮೇಲೆ ದೀಪ ಒಮ್ಮೆಯೂ ಮಿಣುಕಿಲ್ಲ. ಆದರೆ ಮನೆಯಲ್ಲಿ ಜಗಳ ಶುರುವಾದರೆ ನಾನು ಮೊದಲು ಸ್ಕ್ರೂಡ್ರೈವರ್ ಬಚ್ಚಿಡುತ್ತೇನೆ.