ಸುಲಭಾಳ ನೇರಳೆ ಉಂಗುರ

ಮೊನ್ನೆ ಸೋಮವಾರ ಊಟಕ್ಕೆಂದು ದವಾಖಾನೆಯಿಂದ ಹಿಂಡಲಗಾದ ಮನೆಗೆ ಬಂದೆ. ವರಾಂಡಾದಲ್ಲಿ ಮಗಳು ಕೂತು ಹತ್ತಿಯಿಂದ ಉಗುರಿನ ಬಣ್ಣ ಒರೆಸಿಕೊಳ್ಳುತ್ತಿದ್ದಳು. ಸಿಹಿಯೋ ಘಾಟೋ ಹೇಳಲಾಗದ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಚಪ್ಪಲಿ ಬಿಡುವುದನ್ನೂ ಮರೆತು ನಿಂತುಬಿಟ್ಟೆ.

"ಮಮ್ಮೀ, ನಾ ಏನೂ ಚೆಲ್ಲಿಲ್ಲ ನೋಡ" ಎಂದಳು ಮಗಳು, ಬೈಗುಳಕ್ಕೆ ಮೊದಲೇ ಜಾಮೀನು ಕೇಳುವವಳ ಹಾಗೆ.

ಬೈಯುವ ಮಾತೆಲ್ಲಿ ಬಂತು! ಆ ಬಾಟಲಿಯಲ್ಲಿದ್ದದ್ದು ಅಸಿಟೋನ್. ನನಗೆ ಮಾತ್ರ ಅದು ಸುಲಭಾಳ ವಾಸನೆ. ವೈದ್ಯಕೀಯ ಕಾಲೇಜಿನ ಮೊದಲ ವರ್ಷ ಬೆಳಗಾವಿಯ ಹಾಸ್ಟೆಲಿನಲ್ಲಿ ನನ್ನ ಕೋಣೆಯಲ್ಲಿದ್ದವಳು ಅವಳು, ಕಣಕುಂಬಿಯ ಮರಾಠಿ ಮನೆಯ ಹುಡುಗಿ.

ಎರಡು ಸಾವಿರದ ಇಸವಿಯ ಆಸುಪಾಸಿನ ಮಾತಿದು. ಡಾಕ್ಟರಾಗಲು ಬಂದವರಿಗೆ ಮೊದಲು ಹೃದಯ ತೋರಿಸುತ್ತಾರೆ, ಇಲ್ಲವೇ ಮಿದುಳು ತೋರಿಸುತ್ತಾರೆ ಎಂದುಕೊಂಡು ಪಾರಿಶ್ವಾಡದಿಂದ ಟ್ರಂಕು ಹೊತ್ತು ಬಂದಿದ್ದೆ. ತೋರಿಸಿದ್ದು ಮೋಲ್. ಅದರ ಹಿಂದೆಯೇ ಆಮ್ಲ, ಪಿಎಚ್, ಬಫರ್. ಪಿಯುಸಿಯಲ್ಲಿ ಬಾಯಿಪಾಠದ ಬಲದಿಂದ ದಾಟಿ ಬಂದಿದ್ದ ಹೊಳೆ ಮತ್ತೆ ಎದುರಿಗೆ ನಿಂತಿತ್ತು, ಅದೂ ಈ ಸಲ ಇನ್ನಷ್ಟು ತುಂಬಿಕೊಂಡು. ಕಿರುಪರೀಕ್ಷೆಯ ನನ್ನ ಅಂಕಗಳನ್ನು ದಯವಿಟ್ಟು ಕೇಳಬೇಡಿ. ವರ್ಷದ ಕೊನೆಗೆ ರಸಾಯನಶಾಸ್ತ್ರದಲ್ಲಿ ಡುಮ್ಕಿ ಹೊಡೆದರೆ ಡಾಕ್ಟರಿಕೆ ಅಲ್ಲಿಗೇ ನಿಂತಂತೆ ಎಂದು ನನಗೆ ನಾನೇ ತೀರ್ಪು ಕೊಟ್ಟುಕೊಂಡು, ಊರಿಗೆ ಮರಳಿ ಬಿಎ ಓದುತ್ತೇನೆಂದು ಅಪ್ಪನಿಗೆ ಹೇಳಲು ಮಾತು ಜೋಡಿಸಿಟ್ಟಿದ್ದೆ.

ಒಂದು ಶನಿವಾರ ಖಾನಾಪುರಕ್ಕೆ ಹೋಗುವ ಪ್ಯಾಸೆಂಜರ್ ರೈಲಿನಲ್ಲಿ ಆ ಮಾತುಗಳನ್ನು ಸುಲಭಾಳ ಮುಂದೆ ತಾಲೀಮು ಮಾಡಿದೆ. ಅವಳು ಪೂರ್ತಿ ಕೇಳಿಸಿಕೊಂಡು "ಜೇವ್ಲೀಸ್ ಕಾ?" ಎಂದಳು. ಉಂಡೆಯಾ ಎಂದು. ಯಾರು ಅತ್ತರೂ, ಯಾರು ಜಗಳ ತೆಗೆದರೂ, ಜ್ವರ ಎಂದು ಮಲಗಿದರೂ ಅವಳ ಮೊದಲ ಪ್ರಶ್ನೆ ಇದೇ. ಉಳಿದ ಮಾತೆಲ್ಲ ನಮ್ಮಂಥದೇ ಕನ್ನಡ, ಇದೊಂದು ಮಾತ್ರ ಅವಳ ಅವ್ವನ ಮರಾಠಿ. ಚುರುಮುರಿಯ ಪೊಟ್ಟಣ ನನ್ನ ಕೈಗಿಟ್ಟು, ಕಿಟಕಿಯಾಚೆ ಹಂಚಿನ ಭಟ್ಟಿ ತೋರಿಸಿದಳು.

"ಅಲ್ಲೆ ನೋಡ. ಒಂದ ಡಜನ್ ಹಂಚು, ಒಂದ ಡಜನ್ ಪೇಢೆ. ಲೆಕ್ಕ ಎರಡೂ ಒಂದ ಅಲಾ? ತಲಿಮ್ಯಾಲ ಹೊತ್ತಾಗ?"

"ಹಂಚು ಭಾರ."

"ಮೋಲ್ ಅಂದ್ರ ಅಷ್ಟ ನೋಡ. ಭಾಳ ದೊಡ್ಡ ಡಜನ್. ಉಪ್ಪಿಂದಿರ್ಲಿ, ಸಕ್ರೀದಿರ್ಲಿ, ಲೆಕ್ಕ ಒಂದ, ತೂಕ ಬ್ಯಾರೆ."

ಖಾನಾಪುರದಲ್ಲಿ ಇಳಿದರೆ ನನ್ನದು ಪಾರಿಶ್ವಾಡದ ಬಸ್ಸು, ಅವಳದು ಕಣಕುಂಬಿಯದು. ಅವಳ ಬಸ್ಸು ಹೊರಡುವ ತನಕ ನನ್ನದನ್ನು ಬಿಟ್ಟುಕೊಟ್ಟು ನಿಲ್ಲುತ್ತಿದ್ದೆ. ಈಗಲೂ ಆ ನಿಲ್ದಾಣದ ಎದುರಿಗೆ ಹಾಯ್ದು ಹೋಗುವಾಗ ಕಣಕುಂಬಿಯ ಬಸ್ಸು ನಿಲ್ಲುತ್ತಿದ್ದ ಕಡೆಗೆ ಕಣ್ಣು ತಾನಾಗಿ ಹೊರಳುತ್ತದೆ.

ಮೋಲ್ ದಾಟಿದೆ. ಬಫರ್ ಮಾತ್ರ ತಲೆಯೊಳಗೆ ಇಳಿಯಲೊಲ್ಲದು. ಅಷ್ಟರಲ್ಲಿ ವರ್ಷದ ಪರೀಕ್ಷೆಯೂ ಶ್ರಾವಣವೂ ಒಟ್ಟಿಗೇ ಬಂದವು. ಹಾಸ್ಟೆಲಿನ ಅರ್ಧಕ್ಕರ್ಧ ಹುಡುಗಿಯರು ಸೋಮವಾರ ಹಿಡಿದರು. ಸೋಮವಾರವೆಂದರೆ ಸಾಬೂದಾಣಿ ಖಿಚಡಿ, ಶೇಂಗಾ ಉಂಡಿ, ಬಾಳೆಹಣ್ಣು. ಉಪವಾಸದ ದಿನವೇ ನಾಲ್ಕು ತುತ್ತು ಹೆಚ್ಚು. ನಾನಂತೂ ಉಪವಾಸ ಹಿಡಿಯದೆಯೇ ಖಿಚಡಿಯ ಪಂಕ್ತಿಯಲ್ಲಿ ಕೂತಿರುತ್ತಿದ್ದೆ. ಸುಲಭಾಳದು ಮಾತ್ರ ನಿರಂಕಾರ, ತುತ್ತೂ ಇಲ್ಲ. ಭಾನುವಾರ ರಾತ್ರಿ ಮೆಸ್ ಬಂದ್ ಇರುತ್ತಿದ್ದುದರಿಂದ, ಭಾನುವಾರ ಮಧ್ಯಾಹ್ನ ಉಂಡವಳು ಸೋಮವಾರ ಸಂಜೆ ದೀಪ ಹಚ್ಚಿದ ಮೇಲೆಯೇ ಉಣ್ಣುವುದು. ಒಳ್ಳೆಯ ಗಂಡ ಸಿಗಲೆಂದು ಹರಕೆ ಹೊತ್ತಿದ್ದಾಳೆ ಎಂದು ಎಲ್ಲರೂ ಛೇಡಿಸಿದೆವು. ನಕ್ಕುಬಿಟ್ಟಳು.

ಅಂಥ ಒಂದು ಸೋಮವಾರ ಲ್ಯಾಬಿನಲ್ಲಿ ಮೂತ್ರಪರೀಕ್ಷೆ. ನಿರೋಗಿಯ ಮೂತ್ರದಲ್ಲಿ ಏನೇನು ಇರುವುದಿಲ್ಲ ಎಂದು ತೋರಿಸಬೇಕು. ನಿರೋಗಿಗಳೆಂದರೆ ನಾವೇ. ಅವರವರ ಸೀಸೆಯನ್ನು ಕರವಸ್ತ್ರದಲ್ಲಿ ಮುಚ್ಚಿಕೊಂಡು ಕಾರಿಡಾರಿನಲ್ಲಿ ನಡೆಯುವ ನಮ್ಮ ಗಾಂಭೀರ್ಯವನ್ನು ನೀವು ನೋಡಬೇಕಿತ್ತು. ಪರೀಕ್ಷಾ ಕೊಳವೆಗೆ ಉಪ್ಪು ಬೆರೆಸಿ, ಒಂದು ಹರಳು ಹಾಕಿ, ಅಂಚಿಗುಂಟ ಅಮೋನಿಯಾ ಇಳಿಬಿಟ್ಟರೆ ಏನೂ ಆಗಬಾರದು. ನನ್ನದರಲ್ಲಿ ಏನೂ ಆಗಲಿಲ್ಲ. ಪಕ್ಕದಲ್ಲಿ ಸುಲಭಾಳ ಕೊಳವೆಯಲ್ಲಿ ತೆಳ್ಳಗೆ ನೇರಳೆ ಉಂಗುರವೊಂದು ಮೂಡಿತು. ಅಸಿಟೋನೂ ಅದರ ಬಳಗವೂ ಅಲ್ಲಿದೆ ಎಂಬ ಗುರುತು ಅದು. ಸಕ್ಕರೆ ಕಾಯಿಲೆ ಕೈಮೀರಿದವರಲ್ಲಿ ಹೀಗಾಗುತ್ತದೆ ಎಂದು ಅದೇ ವಾರ ಓದಿದ್ದೆವು. ಪಾಠದ ಮೇಡಂ ಅವರನ್ನು ಕೂಗಿ ಕರೆದೆ.

ಅವರು ಬಂದು ಉಂಗುರ ನೋಡಿದರು, ಸುಲಭಾಳ ಮುಖ ನೋಡಿದರು. "ಯಾವಾಗ ಉಂಡೀವಾ?"

"ನಿನ್ನೆ ಮಧ್ಯಾಹ್ನರೀ."

ಮೇಡಂ ನಕ್ಕೇಬಿಟ್ಟರು. "ಹೆದರಬ್ಯಾಡ್ರಿ, ಇದು ಸಕ್ಕರಿ ರೋಗ ಅಲ್ಲ. ಶ್ರಾವಣ ಸೋಮವಾರ!"

ಆಮೇಲೆ ಅವಳನ್ನು ಸ್ಟೂಲಿನ ಮೇಲೆ ಕೂರಿಸಿ, ಹಲಗೆಯನ್ನು ಬಿಟ್ಟು ಅವಳನ್ನೇ ತೋರಿಸುತ್ತ ಪಾಠ ಮಾಡಿದರು. ಸಕ್ಕರೆ ತೀರಿದ ಮೈ ಕೊಬ್ಬು ಸುಡುತ್ತದೆ, ಸುಟ್ಟಲ್ಲಿ ಆಮ್ಲ ಹುಟ್ಟುತ್ತದೆ. ಆ ಆಮ್ಲದಿಂದ ರಕ್ತ ಕೆಡದಂತೆ ಬೈಕಾರ್ಬೊನೇಟ್ ಅದನ್ನು ತನ್ನ ಮೇಲೆ ಹಾಕಿಕೊಳ್ಳುತ್ತದೆ. ಬಫರ್ ಎಂದರೆ ಇದೇ. ಆ ಅಸಿಟೋನ್ ಉಸಿರಿನಲ್ಲೂ ಬರುತ್ತದೆಂದು ಒಬ್ಬೊಬ್ಬರನ್ನೇ ಕರೆದು ಅವಳ ಉಸಿರು ಮೂಸಲು ಹೇಳಿದರು. ಬಹಳ ಜನಕ್ಕೆ ಏನೂ ತಿಳಿಯಲಿಲ್ಲ. ನನಗೆ ತಿಳಿಯಿತು. ವರ್ಷವಿಡೀ ಹಲಗೆಯ ಮೇಲೆ ಸತ್ತು ಬಿದ್ದಿದ್ದ ಬಾಣದ ಗುರುತುಗಳೆಲ್ಲ ನನ್ನ ಗೆಳತಿಯ ಬಾಡಿದ ಮುಖದೊಳಗೆ ಓಡಾಡತೊಡಗಿದವು, ನನಗೆ ಪಾಠ ಅರ್ಥವಾಯಿತು.

ಸಂಜೆ ಹಾಸ್ಟೆಲಿನ ಮೆಟ್ಟಿಲ ಮೇಲೆ ಅವಳಿಗೆ ಖಿಚಡಿಯ ತಾಟು ಕೊಟ್ಟು ಕೇಳಿದೆ. "ಯಾವ ಗಂಡನ ಸಲುವಾಗಿ ಇಷ್ಟ ಸಾಯಾಕತ್ತೀ?"

"ಗಂಡ ಗಿಂಡ ಏನಿಲ್ಲ. ನೀ ಕೆಮಿಸ್ಟ್ರಿಯಾಗ ಪಾಸಾಗ್ಲಿ ಅಂತ. ನೀ ಊರಿಗಿ ಹೋದ್ರ ನನ್ನ ಜೋಡಿ ರೈಲಿನಾಗ ಯಾರ ಬರ್ತಾರ?"

"ನಿನ್ನ ಸಲುವಾಗಿ ಏನೂ ಬೇಡ್ಕೊಂಡಿಲ್ಲೇನ?"

"ನಂದ ಆಗ್ತೈತಿ ಬಿಡ."

ಮೌಖಿಕ ಪರೀಕ್ಷೆಯಲ್ಲಿ ಹೊರಗಿನಿಂದ ಬಂದಿದ್ದ ಪರೀಕ್ಷಕರು ನನ್ನನ್ನು ಕೇಳಿದ್ದೇನು ಗೊತ್ತೇ? ಉಪವಾಸವಿದ್ದವರ ರಕ್ತದಲ್ಲಿ ಏನೇನಾಗುತ್ತದೆ ಎಂದು! ಸುಲಭಾಳನ್ನು ಕಣ್ಣ ಮುಂದೆ ಸ್ಟೂಲಿನ ಮೇಲೆ ಕೂರಿಸಿಕೊಂಡು ಹೇಳುತ್ತ ಹೋದೆ, ಕೊನೆಗೆ ಅವರೇ ಸಾಕೆಂದರು. ಪಾಸಾದೆ. ರಸಾಯನದಲ್ಲಿ ನನಗಿಂತ ಎಷ್ಟೋ ಮುಂದಿದ್ದ ಸುಲಭಾ ಅಂಗರಚನಾಶಾಸ್ತ್ರದಲ್ಲಿ ಫೇಲಾದಳು. ಒಂದೇ ವಿಷಯ ಹೋದರೂ ಆರು ತಿಂಗಳು ಹಿಂದೆ, ಬೇರೆ ಬ್ಯಾಚಿಗೆ. ನೋಟಿಸ್ ಬೋರ್ಡಿನ ಮುಂದೆ ಅತ್ತವಳು ನಾನು. "ದೇವರ ಮುಂದ ನನ್ನ ಹೆಸರೂ ಒಂದ ಸಲ ಹೇಳಬೇಕಿತ್ತ ನೋಡ, ಮರತೇಬಿಟ್ನಿ" ಎಂದು ನಕ್ಕ ಅವಳು, ನನ್ನ ಕಣ್ಣೊರೆಸಿ, ಉಂಡೆಯಾ ಎಂದು ಕೇಳಿದಳು.

ಆಮೇಲೆ ಜಗಳವೇನೂ ಆಗಲಿಲ್ಲ. ವೇಳಾಪಟ್ಟಿ ಬೇರೆಯಾಯಿತು, ಅಷ್ಟೇ. ನಾನು ವಾರ್ಡಿಗೆ ಹೋಗುವ ಹೊತ್ತಿಗೆ ಅವಳು ಡಿಸೆಕ್ಷನ್ ಹಾಲಿಗೆ. ಹಾಸ್ಟೆಲಿನ ಮಹಡಿ ಬೇರೆ, ರಜೆ ಬೇರೆ, ಕೊನೆಗೆ ಶನಿವಾರದ ರೈಲೂ ಬೇರೆ. ಈಗ ನಮ್ಮ ಬ್ಯಾಚಿನದೊಂದು ವಾಟ್ಸಾಪ್ ಗುಂಪು ಇದೆ. ಮುಖವೇ ನೆನಪಿಲ್ಲದವರೆಲ್ಲ ಅದರಲ್ಲಿ ಬೆಳಗಾದರೆ ಹೂವು ಕಳಿಸುತ್ತಾರೆ. ಸುಲಭಾ ಅದರಲ್ಲಿಲ್ಲ, ಅವಳು ನಮ್ಮ ಬ್ಯಾಚಿನವಳಲ್ಲವಲ್ಲ. ಗೋವಾದ ಕಡೆ ದವಾಖಾನೆ ಇಟ್ಟಿದ್ದಾಳೆಂದು ಕಣಕುಂಬಿಯ ರೋಗಿಯೊಬ್ಬರು ಹೇಳಿ, ನಂಬರನ್ನೂ ಕೊಟ್ಟಿದ್ದರು. ಕಳೆದ ಮಳೆಗಾಲದಿಂದ ಅದು ನನ್ನ ಫೋನಿನಲ್ಲಿದೆ. ಎಷ್ಟೋ ಸಲ ತೆಗೆದು ನೋಡಿದ್ದೇನೆ, ಒತ್ತಿಲ್ಲ. ಅವಳು ಅಪರಿಚಿತರಿಗೆ ಹೇಳುವ ಹಾಗೆ "ಯಾರ್ರೀ?" ಎಂದುಬಿಟ್ಟರೆ ಆ ರೈಲೂ ಚುರುಮುರಿಯೂ ನನ್ನ ಕೈತಪ್ಪಿ ಹೋಗುತ್ತವೆ ಎಂಬ ಹೆದರಿಕೆ. ಅವಳಂಥ ಗೆಳತಿ ನನಗೆ ಮತ್ತೆ ಸಿಗಲಿಲ್ಲ.

ಇದನ್ನೆಲ್ಲ ಮಗಳಿಗೆ ಹೇಳಿ ಮುಗಿಸುವ ಹೊತ್ತಿಗೆ ತಾಟಿನ ಭಕ್ಕರಿ ತಣ್ಣಗಾಗಿತ್ತು. ಅದನ್ನು ಆಚೆ ಸರಿಸಿದೆ.

"ಇವತ್ತ ನಾ ಉಣ್ಣಂಗಿಲ್ಲ. ಶ್ರಾವಣ ಸೋಮವಾರ."

"ನೀ? ದೇವರ ಖೋಲಿ ಕಡೆ ತಲಿ ಹಾಕಂಗಿಲ್ಲ ನೀ!" ಮಗಳಿಗೆ ನಗು ತಡೆಯಲಾಗಲಿಲ್ಲ. "ಏನ ಬೇಡ್ಕೋತಿ?"

"ಆಕಿ ಫೋನ್ ಎತ್ತಲಿ ಅಂತ."

ಮಗಳು ನಗು ನಿಲ್ಲಿಸಿ ಫೋನು ತಂದು ನನ್ನ ಕೈಗಿಟ್ಟಳು. ಒತ್ತಿದೆ. ಬಹಳ ಹೊತ್ತು ರಿಂಗಾಯಿತು. ಆ ಕಡೆಯಿಂದ "ಹಲೋ" ಬಂದಾಗ ನನ್ನ ಹೆಸರನ್ನಷ್ಟೇ ಹೇಳಲು ಸಾಧ್ಯವಾಯಿತು. ಫೋನ್ ಕಟ್ಟಾಯಿತೇ ಎಂದು ಕಿವಿಯಿಂದ ತೆಗೆದು ನೋಡಿ ಮತ್ತೆ ಇಟ್ಟುಕೊಂಡೆ.

"ಜೇವ್ಲೀಸ್ ಕಾ?"

"ಇಲ್ಲ" ಎಂದೆ. "ಸೋಮವಾರ."

"ಹುಚ್ಚಿ! ಮೊದಲ ಉಣ್ಣ. ಉಂಗುರ ಬಂದೀತು."

ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ತಾಟನ್ನು ಹತ್ತಿರ ಎಳೆದುಕೊಂಡೆ.