ಏಳನೇ ಫಾರಂವರೆಗೆ ಓದಿದವನು

"ಅಕ್ಕ, ಭೂಮಿ ಕಥೆ ಮುಗೀತು ಅಂತಾನೇ ಇಟ್ಕೊಳ್ಳಿ. ನಾನು ಹೇಳ್ತಿಲ್ಲ, ಏಳನೇ ಫಾರಂ ಹೇಳ್ತಿದೆ. ಮೊದಲನೇ ಫಾರಂನಲ್ಲಿ ನದಿ ಚೆನ್ನಾಗೇ ಇತ್ತು. ಬೆಟ್ಟದಿಂದ ಇಳೀತು, ಮೀನಿತ್ತು, ಹಕ್ಕಿ ಇತ್ತು, ಕೂತು ಮಡಿಸೋಕೆ ನಂಗೂ ಖುಷಿ. ಎರಡನೇದರಲ್ಲಿ ದಡಕ್ಕೆ ಒಂದು ಕಾರ್ಖಾನೆ ಬಂತು. ಆಗಲೇ ನನ್ನೆದೆ ಡವಡವ ಅಂತು. ಮೂರು, ನಾಲ್ಕರಲ್ಲಿ ಬಣ್ಣದ ನೀರು. ಐದರಲ್ಲಿ ಊರ ಚರಂಡಿಯೆಲ್ಲ ಅದಕ್ಕೇ. ಆರರಲ್ಲಿ ನೊರೆ. ನೊರೆ ಅಂದ್ರೆ ಹಾಲಿನ ನೊರೆ ಅಂದ್ಕೋಬೇಡಿ, ಆಳೆತ್ತರ! ನಾವು ಪಾತ್ರೆ ತೊಳೆಯೋ ಸೋಪಿನ ಪುಡಿ ಇದೆಯಲ್ಲ, ಅದೇ ಹೋಗಿ ಹೋಗಿ ಅಲ್ಲಿ ಗುಡ್ಡ ಆಗೋದು. ಏಳನೇ ಫಾರಂ ಕೊನೇ ಪುಟದ ಕೊನೇ ಸಾಲಲ್ಲಿ ಒಂದು ಮೀನು ಬಾಯಿ ತೆರ್ಕೊಂಡು ಮೇಲೆ ಬಂತು. ಅಲ್ಲಿಗೆ ನನ್ನ ಟೇಬಲ್ ಖಾಲಿ. ಆ ಮೀನು ಬದುಕಿತೋ ಸತ್ತಿತೋ ದೇವರೇ ಬಲ್ಲ. ಸತ್ತೇ ಇರುತ್ತೆ ಬಿಡಿ. ಏಳು ಫಾರಂ ಕೆಟ್ಟದ್ದೇ ಆದಮೇಲೆ ಎಂಟರಲ್ಲಿ ಒಳ್ಳೇದಾಗೋಕೆ ಅದೇನು ಮದುವೆ ಮನೆಯಾ?"

ಹೀಗೆ ಹೇಳಿದವನು ನಮ್ಮ ಬೈಂಡಿಂಗ್ ಅಂಗಡಿಯಲ್ಲಿ ಫಾರಂ ಮಡಿಸುವವನು. ನಾನು ಅಲ್ಲೇ ಪುಸ್ತಕ ಹೊಲಿಯುವವಳು. ಅವನ ಬೆನ್ನಿಗೆ ನನ್ನ ಮಣೆ. ಮನೆಯಲ್ಲೂ ಹಾಗೆಯೇ, ಅವನ ಅಡುಗೆಮನೆಗೂ ನಮ್ಮದಕ್ಕೂ ನಡುವೆ ಒಂದೇ ಗೋಡೆ. ಹೀಗಾಗಿ ಅವನ ಬಾಯಿಂದ ಬಿದ್ದದ್ದು ಹಗಲೂ ಸಂಜೆಯೂ ನನ್ನ ಕಿವಿಗೇ ಬೀಳಬೇಕು.

ಫಾರಂ ಎಂದರೆ ಏನೆಂದು ಮೊದಲು ಹೇಳಿಬಿಡುತ್ತೇನೆ. ಪುಸ್ತಕ ಮುದ್ರಣದಿಂದ ಬರುವಾಗ ಪುಸ್ತಕವಾಗಿ ಬರುವುದಿಲ್ಲ, ಚಾಪೆಯಂಥ ಹಾಳೆಗಳಾಗಿ ಬರುತ್ತದೆ. ಒಂದು ಹಾಳೆಯಲ್ಲಿ ಹದಿನಾರು ಪುಟ. ಅದನ್ನು ಮಡಿಸಿದರೆ ಒಂದು ಫಾರಂ. ಸಾಧಾರಣ ಪುಸ್ತಕಕ್ಕೆ ಹದಿನಾಲ್ಕು ಫಾರಂ ಇರುತ್ತದೆ. ಒಂದರಿಂದ ಏಳು ಇವನ ಟೇಬಲ್ಲಿಗೆ, ಎಂಟರಿಂದ ಹದಿನಾಲ್ಕು ಕಿಟಕಿ ಪಕ್ಕ ಕೂತು ಮಡಿಸುವ ಇನ್ನೊಬ್ಬನ ಟೇಬಲ್ಲಿಗೆ. ಕಡ್ಡಿಯಂತೆ ಇದ್ದಾನೆಂದು ಅವನನ್ನು ತಂತಿ ಎನ್ನುತ್ತೇವೆ. ಮಡಿಸಿದ್ದೆಲ್ಲ ಸೇರಿ ಸೂಜಿಗೆಂದು ನನ್ನ ಬಳಿ ಬರುತ್ತದೆ.

ಇವನು ಮಡಿಸುತ್ತಲೇ ಓದುತ್ತಾನೆ. ಎಡಗೈ ಹಾಳೆ ತಿರುಗಿಸುತ್ತದೆ, ಬಲಗೈಯಲ್ಲಿ ಹಿಡಿದ ಮೂಳೆಯ ಚಪ್ಪಟೆ ಪಟ್ಟಿ ಮಡಿಕೆಯನ್ನು ಉಜ್ಜುತ್ತದೆ, ಕಣ್ಣು ಸಾಲಿನ ಮೇಲೆ ಓಡುತ್ತದೆ. ಒಂದೇ ಫಾರಂ ಸಾವಿರ ಸಲ ಕೈಗೆ ಬರುವುದರಿಂದ ಒಂದು ದಿನದಲ್ಲಿ ಬಾಯಿಪಾಠ. ಏಳನೇ ತರಗತಿಗೆ ಶಾಲೆ ಬಿಟ್ಟವನು ಇಪ್ಪತ್ತೇಳು ವರ್ಷಗಳಲ್ಲಿ ಓದಿದ್ದಕ್ಕೆ ಲೆಕ್ಕವಿಲ್ಲ. ಆದರೆ ಒಂದನ್ನೂ ಮುಗಿಸಿಲ್ಲ. ಅವನು ಓದಿದ ಕಾದಂಬರಿಗಳಲ್ಲಿ ಯಾರ ಮದುವೆಯೂ ಆಗಿಲ್ಲ. ಅವನು ಓದಿದ ಪತ್ತೇದಾರಿಗಳಲ್ಲಿ ಒಬ್ಬ ಕೊಲೆಗಾರನೂ ಸಿಕ್ಕಿಬಿದ್ದಿಲ್ಲ. "ಅದಕ್ಕೇ ಅಕ್ಕ, ನಾನು ಕತ್ತಲಾದಮೇಲೆ ಒಬ್ಬನೇ ಓಡಾಡಲ್ಲ" ಎನ್ನುತ್ತಿದ್ದ. ಅಂಗಡಿಯಲ್ಲಿ ಅವನ ಹೆಸರು ಅರ್ಧಪುಸ್ತಕ.

ಹಾಗಾದರೆ ತಂತಿಯನ್ನು ಕೇಳಬಾರದೇ ಎನ್ನಬಹುದು. ಕೇಳಿಯೇ ಕೇಳಿದ, ಆ ಮೀನಿನ ಸಂಕಟ ತಡೆಯಲಾಗದೆ.

"ಏನೋ ತಂತಿ, ನಿನ್ನ ಕಡೆ ನದಿ ಏನಾಯ್ತೋ?"

ತಂತಿ ತಲೆ ಎತ್ತಲಿಲ್ಲ. "ನೂರಾ ಹದಿಮೂರಾಯ್ತು."

"ಪುಟ ಅಲ್ವೋ, ನದಿ!"

"ನಂಗೆ ಮೂಲೆಯಲ್ಲಿರೋ ನಂಬರ್ ಅಷ್ಟೇ ಕಾಣೋದು. ನಡುವೆ ಏನಾದ್ರೂ ಬರ್ಕೊಳ್ಲಿ, ಅದು ಅವರ ಹಣೆಬರಹ."

ಕಾದಂಬರಿ, ಪತ್ತೇದಾರಿ ಬರುತ್ತಿದ್ದಷ್ಟು ದಿನ ಅರ್ಧ ಓದಿನಿಂದ ಯಾರಿಗೂ ತೊಂದರೆ ಇರಲಿಲ್ಲ. ಮೂರು ವರ್ಷದ ಹಿಂದೆ ಯಜಮಾನರಿಗೆ ಒಬ್ಬ ಪ್ರಕಾಶಕರ ದೊಡ್ಡ ಕೆಲಸ ಸಿಕ್ಕಿತು. ಎಲ್ಲವೂ ಪರಿಸರದ ಪುಸ್ತಕ. ಮಣ್ಣಿನ ಮೇಲೊಂದು, ಗಾಳಿಯ ಮೇಲೊಂದು, ಕಾಡಿನ ಮೇಲೆ ಎರಡು, ಜೇನುಹುಳದ ಮೇಲೆ ಇಟ್ಟಿಗೆ ದಪ್ಪದ್ದು. ಆ ಪುಸ್ತಕ ಬರೆಯುವವರಿಗೆಲ್ಲ ಒಂದು ಪದ್ಧತಿ ಇದ್ದಂತಿದೆ. ಮೊದಲರ್ಧ ಏನೇನು ಕೆಟ್ಟಿದೆ ಎಂದು, ಏನು ಮಾಡಬೇಕು ಎನ್ನುವುದು ಕೊನೆಗೆ. ಅಂದರೆ ಜಗತ್ತಿನ ರೋಗವೆಲ್ಲ ಇವನ ಟೇಬಲ್ಲಿಗೆ, ಔಷಧವೆಲ್ಲ ತಂತಿಯ ಟೇಬಲ್ಲಿಗೆ. ಔಷಧದ ಬಳಿ ಕೂತವನಿಗೆ ಕಾಣುವುದು ನಂಬರ್ ಮಾತ್ರ.

ಇವನು ದಿನವೂ ಸಂಜೆ ಮನೆಗೆ ಒಂದೊಂದು ಕೆಟ್ಟ ಸುದ್ದಿ ಹೊತ್ತು ಹೋದ. ಗಾಳಿಯ ಪುಸ್ತಕ ಬಂದಾಗ ಕಿಟಕಿ ಮುಚ್ಚಿಸಿದ. ಮಣ್ಣಿನದು ಬಂದಾಗ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ನಡೆದ, ಮೊಳೆ ಚುಚ್ಚಿದ ಮೇಲೆ ಮತ್ತೆ ಹಾಕಿಕೊಂಡ. ಜೇನುಹುಳದ್ದು ಬಂದಾಗ ಊಟದ ನಡುವೆ ಅತ್ತ ಎಂದು ಅವನ ಹೆಂಡತಿಯೇ ಹೇಳಿದಳು. ಅವಳು ಸಹಿಸಿದಳು. "ಕೆಟ್ಟ ಸುದ್ದಿ ತರೋಕೆ ಊರಲ್ಲಿ ಕಾಗೆ ಇಲ್ವಾ, ನಂಗೆ ಗಂಡನೇ ಬೇಕಾ?" ಎಂದು ಗೊಣಗಿ ಸುಮ್ಮನಾಗುತ್ತಿದ್ದಳು.

ನದಿಯ ಪುಸ್ತಕ ಬಂದಾಗ ಮಾತ್ರ ಅವನು ಅವಳ ಹೊಟ್ಟೆಪಾಡಿಗೇ ಕೈ ಹಾಕಿದ. ಆಕೆ ಒಂಬತ್ತು ಜನ ಕಚೇರಿಯವರಿಗೆ ಮಧ್ಯಾಹ್ನದ ಊಟದ ಡಬ್ಬಿ ಕಳಿಸುವವಳು. ಒಂದೊಂದು ಡಬ್ಬಿಗೂ ಮೂರು ಅಂತಸ್ತು. ಸಂಜೆ ಇಪ್ಪತ್ತೇಳು ಬಟ್ಟಲು ಜಿಡ್ಡು ಹಿಡಿದು ವಾಪಸು ಬರುತ್ತವೆ. ಆರನೇ ಫಾರಂ ಮಡಿಸಿದ ದಿನ ಇವನು ಮನೆಗೆ ಹೋದವನೇ ಸೋಪಿನ ಪುಡಿಯ ಡಬ್ಬವನ್ನು ಎತ್ತಿ ಅಟ್ಟದ ಮೇಲೆ ಹಾಕಿ ಏಣಿಯನ್ನು ನಮ್ಮ ಮನೆಗೆ ತಂದಿಟ್ಟ.

"ಹಾಗಾದ್ರೆ ಇವನ್ನ ಯಾವುದರಲ್ಲಿ ತೊಳೀಲಿ?" ಎಂದು ಅವಳ ದನಿ ಗೋಡೆಯಾಚೆಯಿಂದ ಕೇಳಿಸಿತು.

"ಬಿಸಿನೀರಲ್ಲಿ. ನಾನೇ ಹಾಕಿಕೊಡ್ತೀನಿ ತಡಿ."

"ಬಿಸಿನೀರಿಗೆ ಎಣ್ಣೆ ಹೋಗುತ್ತೇನ್ರೀ?"

"ಹೋಗ್ಬೇಕು."

"ಹೋಗ್ಬೇಕು ಅಂತ ಪುಸ್ತಕದಲ್ಲಿ ಬರೆದಿದೆಯಾ?"

"ಅದು ನನ್ನ ಟೇಬಲ್ಲಿಗೆ ಬಂದಿಲ್ಲ ಕಣೇ."

ಹಂಡೆಗಟ್ಟಲೆ ಬಿಸಿನೀರು ಕಾಯಿಸಿ ತಾನೇ ಬಟ್ಟಲುಗಳ ಮೇಲೆ ಸುರಿದ. ಕರಗಿದ ಎಣ್ಣೆಯನ್ನೆಲ್ಲ ಯುದ್ಧ ಗೆದ್ದವನ ಮುಖ ಮಾಡಿಕೊಂಡು ಚರಂಡಿಗೆ ಬಗ್ಗಿಸಿದ. ನೀರು ಆರಿತು, ಉಳಿದ ಜಿಡ್ಡು ಬಟ್ಟಲಿಗೇ ಮತ್ತೆ ಮೆತ್ತಿತು. ನಾಲ್ಕನೇ ದಿನ ವಕೀಲರ ಕಚೇರಿಯ ಗುಮಾಸ್ತ ಡಬ್ಬಿಯೊಳಗೆ ಒಂದು ಚೀಟಿ ಇಟ್ಟು ಕಳಿಸಿದ. 'ಅಮ್ಮ, ನಿನ್ನೆಯ ಒಗ್ಗರಣೆ ಇವತ್ತೂ ಬಂದಿದೆ.' ಇನ್ನಿಬ್ಬರು, ಮುಂದಿನ ಸೋಮವಾರದಿಂದ ಡಬ್ಬಿ ಬೇಡ ಎಂದು ಹೇಳಿ ಕಳಿಸಿದರು.

ಈ ಸುದ್ದಿ ಬಂದ ದಿನವೂ ಸೋಮವಾರವೇ. ಸಂಜೆ ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೆ ಸಮಾಧಾನವಿರುತ್ತಿತ್ತು. ಮೆಲ್ಲಗೆ, ಒಂದೊಂದೇ ಮಾತು ಇಟ್ಟಳು.

"ನೋಡಿ, ಹನ್ನೊಂದು ವರ್ಷ ಕಟ್ಟಿದ್ದು ಇದು. ಶನಿವಾರ ಸಂಜೆ ತನಕ ಟೈಮ್ ಕೊಡ್ತೀನಿ. ಡಬ್ಬಿ ತೊಳೆಯೋದು ಹೇಗೆ ಅಂತ ನಿಮ್ಮ ಪುಸ್ತಕ ಹೇಳ್ಲಿ. ಹೇಳ್ಲಿಲ್ಲ ಅಂದ್ರೆ ನನ್ನ ಒಲೆ, ಡಬ್ಬಿ ಎಲ್ಲ ಕಟ್ಕೊಂಡು ನನ್ನ ಸ್ವಂತ ಅಕ್ಕನ ಮನೆಗೆ ಹೋಗ್ತೀನಿ. ಅಲ್ಲೇ ಅಡುಗೆ ಮಾಡ್ತೀನಿ, ಅಲ್ಲೇ ಇರ್ತೀನಿ. ಅಲ್ಲಿ ಯಾರೂ ಓದಲ್ಲ."

ಮಾರನೆಯ ದಿನ ಅವನು ಅಂಗಡಿಗೆ ಬಂದಾಗ ಮುಖ ಆ ಏಳನೇ ಫಾರಂನ ಮೀನಿನಂತೆ ಇತ್ತು. ಅದೃಷ್ಟಕ್ಕೆ ನದಿಯ ಪುಸ್ತಕದ ಫಾರಂಗಳು ಜೋಡಣೆಯಾಗಿ ಅಂದೇ ನನ್ನ ಮಣೆಗೆ ಬಂದಿದ್ದವು, ಎಂಟರಿಂದ ಹದಿನಾಲ್ಕೂ ಸೇರಿ. ಒಂದು ಪುಸ್ತಕದ್ದನ್ನು ಹೊಲಿಯದೆ ನನ್ನ ಮಂಡಿಯ ಕೆಳಗೆ ಇಟ್ಟುಕೊಂಡೆ. ಊಟದ ಅರ್ಧ ಗಂಟೆ ಅವನು ಬಂದು ನನ್ನ ಪಕ್ಕ ಕೂತ.

"ಹದಿಮೂರನೇದು ತೆಗಿ. ಔಷಧ ಇದ್ರೆ ಕೊನೇಲೇ ಇರುತ್ತೆ" ಎಂದೆ.

"ಛೆ, ಅಕ್ಕ! ಪುಸ್ತಕ ಏನು ಬೇಲಿನಾ, ಹಾರ್ಕೊಂಡು ಹೋಗೋಕೆ? ಎಂಟು ಆದ್ಮೇಲೆ ಒಂಬತ್ತು."

"ನಿನ್ನ ಹೆಂಡ್ತಿ ಶನಿವಾರ ಅಂದಿದ್ದಾಳೆ ಕಣೋ."

"ಹೆಂಡ್ತಿ ಶನಿವಾರ ಅಂದ್ಲು ಅಂತ ಪುಟದ ನಂಬರ್ ಬದಲಾಗುತ್ತಾ?"

ನಾನು ಸೂಜಿಗೆ ದಾರ ಪೋಣಿಸಿಕೊಂಡೆ. ಕೆಲವರಿಗೆ ಬುದ್ಧಿ ಹೇಳುವುದಕ್ಕಿಂತ ಅವರು ಓದಿ ಮುಗಿಸುವತನಕ ಕಾಯುವುದೇ ಬೇಗ ಆಗುತ್ತದೆ.

ಎಂಟನೇ ಫಾರಂನಲ್ಲಿ ಮೀನು ಸತ್ತಿತು. "ನಾನು ಹೇಳಿರ್ಲಿಲ್ವಾ!" ಎಂದು ಅವನು ಎಷ್ಟು ಖುಷಿಯಿಂದ ಎದ್ದುನಿಂತನೆಂದರೆ ತಂತಿ ಕೂಡ ತಿರುಗಿ ನೋಡಿದ. ಬುಧವಾರ ಒಂಬತ್ತನೆಯದರಲ್ಲಿ ಆ ನೀರು ಕುಡಿದ ದನಗಳಿಗೆ ಕಾಯಿಲೆಯಾಯಿತು. ಗುರುವಾರ ಹತ್ತು, ಹನ್ನೊಂದು ಎರಡನ್ನೂ ಓದಿದ. ಒಂದರಲ್ಲಿ ಬರೀ ಅಂಕಿ, ಇನ್ನೊಂದರಲ್ಲಿ ಕೊಳವೆಗಳ ಚಿತ್ರ. ಶುಕ್ರವಾರ ಹನ್ನೆರಡನೆಯದರಲ್ಲಿ 'ಏನು ಮಾಡಬಹುದು' ಎಂಬ ತಲೆಬರಹ ಕಂಡಿತು. ಓದಿದರೆ, ಸರ್ಕಾರ ಏನು ಮಾಡಬೇಕು, ಕಾರ್ಖಾನೆಯವರು ಏನು ಮಾಡಬೇಕು, ನಗರಸಭೆ ಏನು ಮಾಡಬೇಕು, ಹದಿನಾರು ಪುಟ ಪೂರ್ತಿ ಅದೇ.

"ನಗರಸಭೆ ಬಂದು ಡಬ್ಬಿ ತೊಳೆಯುತ್ತಾ ಅಕ್ಕ?" ಎಂದು ಕೇಳಿದ. "ನಿನ್ನೆ ಸೌಟುಗಳನ್ನೆಲ್ಲ ಚೀಲಕ್ಕೆ ತುಂಬಿದ್ದಾಳೆ. ಕಾಫಿಗೆ ಸಕ್ಕರೆ ಹಾಕೋಕೆ ಒಂದು ಚಮಚ ಇಲ್ಲ, ಬೆರಳಲ್ಲೇ ತಿರುವಿ ಕುಡಿದೆ."

ಆಗ ಮೊದಲ ಬಾರಿಗೆ ನನಗೂ ಭಯವಾಯಿತು. ಆ ಮನೆಯಲ್ಲಿ ಅವಳ ಸೌಟಿನ ಸದ್ದಿಲ್ಲದಿದ್ದರೆ ಅವನು ಗೋಡೆಯೊಂದಿಗೆ ಮಾತಾಡುವವನು, ಗೋಡೆಯ ಈಚೆಗೆ ಇರುವವಳು ನಾನು.

ಶನಿವಾರ ಊಟದ ಹೊತ್ತಿಗೆ ಹದಿಮೂರನೇ ಫಾರಂ ಬಿಡಿಸಿದ. ನಾಲ್ಕು ಪುಟ ಓದಿ ಐದನೆಯದಕ್ಕೆ ಬಂದ. ಮತ್ತೆ ಅದೇ ಪುಟ ಓದಿದ. ಕಿವಿ ಕೆಂಪಾಯಿತು.

"ಏನಂತೆ?" ಎಂದೆ.

"ಏನಿಲ್ಲ."

"ಓದೋ ಜೋರಾಗಿ."

ಅವನು ಗಂಟಲು ಸರಿಮಾಡಿಕೊಂಡು ಓದಿದ. "'ಮನೆಯ ಪಾತ್ರೆಗಳನ್ನು ತೊಳೆಯುವ ಮೊದಲು ಜಿಡ್ಡನ್ನು ಹಳೆಯ ಕಾಗದದಿಂದ ಒರೆಸಿ ತೆಗೆಯಿರಿ. ಆಮೇಲೆ ಚಿಟಿಕೆ ಸೋಪು ಸಾಕು. ಸೋಪಿಲ್ಲದೆ ತೊಳೆಯಬೇಕೆಂದೇನೂ ಇಲ್ಲ, ಅಗತ್ಯಕ್ಕಿಂತ ಹೆಚ್ಚು ಸುರಿಯಬಾರದು ಅಷ್ಟೇ. ಎಣ್ಣೆಯನ್ನು ಮಾತ್ರ ಬಿಸಿನೀರು ಹಾಕಿ ಕರಗಿಸಿ ಯಾವ ಕಾರಣಕ್ಕೂ ಚರಂಡಿಗೆ ಚೆಲ್ಲಬೇಡಿ. ಅದು ಕೊಳವೆಯೊಳಗೆ ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ, ನೀರಿಗೂ ಕೆಡುಕು.'"

ಓದಿದವನು ಫಾರಂ ಅನ್ನು ಮತ್ತೆ ಮಡಿಸಿ ಕೈಯಲ್ಲೇ ಹಿಡಿದುಕೊಂಡ.

"ಎಂಟು ದಿನ ಹಂಡೆಗಟ್ಟಲೆ ಬಗ್ಗಿಸಿದ್ದು ಯಾರು?" ಎಂದು ತಂತಿ ಕಿಟಕಿಯಿಂದ ಕೇಳಿದ. ನಂಬರ್ ಬಿಟ್ಟು ಬೇರೇನೂ ನೋಡದವನಿಗೆ ಕಿವಿ ಮಾತ್ರ ಚೆನ್ನಾಗಿತ್ತು.

"ನೀನು ಸುಮ್ನಿರೋ! ಮೂರು ವರ್ಷದಿಂದ ಔಷಧದ ಮೇಲೆ ಕೂತಿದೀಯ, ಒಂದು ಮಾತು ಹೇಳಿದ್ಯಾ?"

"ನೂರಾ ತೊಂಬತ್ತೇಳನೇ ಪುಟ ಅದು. ಕೇಳಿದ್ರೆ ಅಷ್ಟು ಹೇಳ್ತಿದ್ದೆ."

ಗಲಾಟೆಗೆ ಯಜಮಾನರು ಹೊರಗೆ ಬಂದರು. ನನ್ನ ಮಂಡಿಯ ಕೆಳಗಿನ ಫಾರಂ ನೋಡಿದರು, ಇವನ ಕೈಯಲ್ಲಿದ್ದದ್ದು ನೋಡಿದರು. "ಏನಯ್ಯ ಅರ್ಧಪುಸ್ತಕ, ಪೂರ್ತಿ ಆಗೋ ಯೋಚನೆನಾ?"

ಇವನು ಎದ್ದು ಕೈಕಟ್ಟಿ ನಿಂತ. ಬೈಸಿಕೊಳ್ಳುತ್ತಾನೆಂದು ನಾನು ಕಾದರೆ, ಅವನು ಪುಸ್ತಕದ ಅಂಚು ಕತ್ತರಿಸುವ ಯಂತ್ರದ ಕೆಳಗೆ ಗುಡ್ಡೆಬಿದ್ದ ಕಾಗದದ ಅಂಚುಗಳತ್ತ ತೋರಿಸಿದ. "ಯಜಮಾನ್ರೇ, ಈ ಅಂಚು ಒಂದು ಮೂಟೆ ಬೇಕಿತ್ತು. ಅಕ್ಷರ ಇಲ್ಲದ್ದು, ಬಿಳೀದು."

"ಏನಕ್ಕಯ್ಯ?"

"ಹೆಂಡ್ತಿ ಮನೇಲಿ ಉಳಿಯೋಕೆ."

ಯಜಮಾನರು ಮದುವೆಯಾಗಿ ಮೂವತ್ತು ವರ್ಷವಾದವರು. ಹೆಚ್ಚಿಗೆ ಕೇಳದೆ, "ಎರಡು ಮೂಟೆ ತಗೊಂಡು ಹೋಗು" ಎಂದರು.

ಸಂಜೆ ಅವನು ಬೆನ್ನ ಮೇಲೆ ಮೂಟೆ ಹೊತ್ತು ಬೀದಿಯಲ್ಲಿ ನಡೆದ. ಇನ್ನೊಂದನ್ನು ನಾನು ಎಳೆದುಕೊಂಡು ಹಿಂದೆ ಬಂದೆ. ಅವರ ಬಾಗಿಲಲ್ಲಿ ಒಲೆ, ಕುಕ್ಕರು, ಸೌಟಿನ ಚೀಲ ಎಲ್ಲ ಸಾಲಾಗಿ ಕೂತಿದ್ದವು. ಅವನ ಹೆಂಡತಿ ಅವುಗಳ ನಡುವೆ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಆಟೋಗೆ ಕಾಯುತ್ತಿದ್ದಳು.

ಅವನು ಮೂಟೆ ಇಳಿಸಿ, ಪೀಠಿಕೆ ಹಾಕದೆ, ಒಂದು ಅಂಚಿನ ಮೇಲೆ ಬರೆದುಕೊಂಡು ಬಂದಿದ್ದ ಸಾಲುಗಳನ್ನು ನಿಂತಲ್ಲೇ ಓದಿದ. ಬಿಸಿನೀರಿನ ಸಾಲನ್ನು ನುಂಗಿಬಿಡುತ್ತಾನೆ ಎಂದುಕೊಂಡಿದ್ದೆ. ನುಂಗಲಿಲ್ಲ. ಅಲ್ಲಿ ದನಿ ಸ್ವಲ್ಪ ಸಣ್ಣದಾಯಿತು ಅಷ್ಟೇ.

ಅವಳು ಆ ಅಂಚನ್ನು ಅವನ ಕೈಯಿಂದ ತೆಗೆದುಕೊಂಡು ತಾನೂ ಒಮ್ಮೆ ನೋಡಿದಳು.

"ಚಿಟಿಕೆ ಸೋಪು?"

"ಚಿಟಿಕೆ."

"ಇಷ್ಟು ಹೇಳೋಕೆ ಹದಿಮೂರು ಫಾರಂ ಬೇಕಾಯ್ತಾ ಅವರಿಗೆ?"

"ಹದಿನಾಲ್ಕಿದೆ. ಕೊನೇದು ಬರೀ ಹೆಸರಿನ ಪಟ್ಟಿ."

"ಅಕ್ಕ, ಏಣಿ ಕೊಡಿ" ಎಂದಳು ನನ್ನ ಕಡೆ ತಿರುಗಿ. ನಾನು ತಂದುಕೊಟ್ಟೆ. ಅವನು ಅಟ್ಟ ಹತ್ತಿ ಸೋಪಿನ ಡಬ್ಬ ಇಳಿಸಿದ. ಆಟೋ ಬಂತು. ಅವಳು ಅದರವನಿಗೆ, "ಇವತ್ತು ಬೇಡಪ್ಪ, ಸೋಮವಾರ ಹೇಗೆ ತೊಳೆದಿರ್ತಾರೆ ನೋಡ್ಕೊಂಡು ಹೇಳ್ತೀನಿ" ಎಂದು ಹೇಳಿ ಕಳಿಸಿದಳು.

"ತೊಳೆದಿರ್ತಾರೆ ಅಂದ್ರೆ ಯಾರು?" ಎಂದ ಇವನು.

"ಯಾರು ತೊಳೀಬೇಕು ಅಂತ ಪುಸ್ತಕದಲ್ಲಿ ಬರೆದಿದೆಯಾ?"

"ಇಲ್ಲ."

"ಹಾಗಾದ್ರೆ ಅದು ನಿಮ್ಮ ಟೇಬಲ್ಲಿಗೆ."

ಅವನು ಅಂಗಿಯ ತೋಳು ಮಡಿಸಿ ಬಚ್ಚಲ ಕಲ್ಲಿನ ಮುಂದೆ ಕುಕ್ಕರುಗಾಲಲ್ಲಿ ಕೂತ. ಮೊದಲ ಡಬ್ಬಿ ಬಿಚ್ಚಿ ಮೂರು ಬಟ್ಟಲನ್ನೂ ಬೇರೆ ಮಾಡಿದ. ಮೂಟೆಯಿಂದ ಒಂದು ಹಿಡಿ ಅಂಚು ತೆಗೆದು ಮುದ್ದೆ ಮಾಡಿ, ಒಳಗಿನ ಎಣ್ಣೆಯನ್ನು ಸುತ್ತಲೂ ಒರೆಸಿದ. ಒರೆಸಿದ್ದನ್ನು ಹಳೆಯ ಬಕೆಟ್ಟಿಗೆ ಹಾಕಿ, ಇನ್ನೊಂದು ಹಿಡಿ ತೆಗೆದುಕೊಂಡು ಮೂಲೆಗಳನ್ನು ತಿಕ್ಕಿದ. ಹೆಂಡತಿ ಬಾಗಿಲಿಗೆ ಒರಗಿ ನಿಂತು, "ಕಂಠದ ಒಳಗೂ ಒರೆಸಿ, ಅಲ್ಲೇ ಕೂತ್ಕೊಳ್ಳೋದು ಜಿಡ್ಡು" ಎಂದಳು. ಅವನು ಕಂಠದ ಒಳಗೂ ಬೆರಳು ಹಾಕಿ ಒರೆಸಿದ. ಚಿಟಿಕೆ ಸೋಪು ಉದುರಿಸಿ, ಉಜ್ಜಿ, ನೀರಲ್ಲಿ ಅದ್ದಿ, ಬೆಳಕಿಗೆ ಹಿಡಿದು ನೋಡಿ, ಬೋರಲು ಹಾಕಿದ. ಆಮೇಲೆ ಎರಡನೇ ಬಟ್ಟಲಿಗೆ ಕೈ ಹಾಕಿದ.