ಪೆನ್ಸಿಲ್ಲಿನಲ್ಲೇ ಉಳಿದ ಒಂದು ಪದ

ರಾಮದುರ್ಗ, ಸವದತ್ತಿ, ಕಿತ್ತೂರು, ಬೈಲಹೊಂಗಲಗಳ ಕಾಲೇಜುಗಳಲ್ಲಿ ಮೂವತ್ತಮೂರು ವರ್ಷ ಸಮಾಜಶಾಸ್ತ್ರ ಕಲಿಸಿ ಈ ತಿಂಗಳ ಕೊನೆಗೆ ನಿವೃತ್ತರಾಗುತ್ತಿರುವ ಪ್ರೊಫೆಸರ್ ರಘೋತ್ತಮ ಜಮಖಂಡಿಯವರನ್ನು ವಿದ್ವಾಂಸರು ಗ್ರಾಮಾಧ್ಯಯನದ ಹಿರಿಯರೆಂದು ಗೌರವಿಸುತ್ತಾರೆ. ಅವರ ಗ್ರಂಥಗಳನ್ನು ಕುರಿತು ಈ ಅಭಿನಂದನ ಸಂಪುಟದಲ್ಲಿ ಬಲ್ಲವರು ಬರೆದಿದ್ದಾರೆ. ನಾನು ಬರೆಯಹೊರಟಿರುವುದು ಅವರ ಪೆನ್ಸಿಲ್ಲಿನ ಬಗ್ಗೆ.

ಹದಿನಾರು ವರ್ಷಗಳ ಹಿಂದೆ, ಸರ್ ಸವದತ್ತಿಯಲ್ಲಿದ್ದಾಗ, ಸಿರಸಂಗಿಯ ಒಕ್ಕಲು ಮನೆತನದ ನಾನು ಪಿಎಚ್.ಡಿ. ಮಾಡುತ್ತೇನೆಂದು ಅವರ ಮುಂದೆ ನಿಂತೆ. ಪ್ರಾಕ್ಕಲ್ಪನೆ, ಚಲಕ, ಮಾದರಿ, ದತ್ತಾಂಶ, ಎಲ್ಲವೂ ನನಗೆ ಕಬ್ಬಿಣದ ಕಡಲೆ. ಆದರೂ ಅರ್ಜಿಯ ತುಂಬ ಅವನ್ನೇ ಚೆಲ್ಲಿದ್ದೆ. ಸರ್ ನಗಲಿಲ್ಲ. ಒಂದು ನೋಟಬುಕ್ ಕೊಟ್ಟು, ಆ ಪದಗಳನ್ನೆಲ್ಲ ಪೆನ್ಸಿಲ್ಲಿನಲ್ಲಿ ಬರೆಸಿದರು. ಪ್ರತಿಯೊಂದನ್ನೂ ಶಾಲೆಯ ಮೆಟ್ಟಿಲು ಹತ್ತದ ಒಬ್ಬರಿಗೆ ವಿವರಿಸಬೇಕು, ಅವರು ಅದನ್ನು ತಮ್ಮ ಮಾತಿನಲ್ಲಿ ತಿರುಗಿ ಹೇಳಬೇಕು. ಆಮೇಲಷ್ಟೇ ಸರ್ ತಮ್ಮ ಪೆನ್ನಿನಿಂದ ಅದರ ಮೇಲೆ ಶಾಯಿ ತೀಡುತ್ತಿದ್ದರು. ಪೆನ್ಸಿಲ್ಲಿನ ಪದ ಪ್ರಬಂಧದೊಳಗೆ ಬರುವಂತಿರಲಿಲ್ಲ.

ಪ್ರಾಕ್ಕಲ್ಪನೆ, ಎಂದರೆ ಪರೀಕ್ಷಿಸಿ ನೋಡಲು ಇಟ್ಟುಕೊಂಡ ಊಹೆ, ಎಂಬ ಆ ಜಗಜಟ್ಟಿ ಪದವನ್ನು ನನ್ನನ್ನು ಸಾಕಿದ ಚಿಗವ್ವ ಮಾಯವ್ವ ಒಂದೇ ಉಸಿರಿಗೆ ಕೆಡವಿದಳು.

“ಬೀಜ ಮೊಳಿತೈತಿ ಅಂತ ಅನ್ಕೊಂಡು, ಹಸಿ ಅರಿವ್ಯಾಗ ನಾಕು ಕಾಳು ಕಟ್ಟಿ ನೋಡತೇವಲ್ಲ, ಅದ ಹೌದಲ್ಲ?”

ಸರ್ ಆ ಮಾತನ್ನು ಎರಡು ಸಲ ಹೇಳಿಸಿಕೊಂಡು ಶಾಯಿ ತೀಡಿದರು. ಅಂದಿನಿಂದ ಅವರ ತರಗತಿಗಳಲ್ಲಿ ಮಾಯವ್ವನ ಹೆಸರು ದೊಡ್ಡ ಪಂಡಿತರ ಹೆಸರುಗಳ ಸಾಲಿನಲ್ಲೇ ಬರತೊಡಗಿತು.

ಇನ್ನು ನನ್ನ ತಪ್ಪಿನ ಕಥೆ. ಸರ್ ಇದನ್ನು ಇಂದಿನವರೆಗೂ ಯಾರ ಮುಂದೆಯೂ ಆಡಿಲ್ಲ, ಹಾಗಾಗಿ ನಾನೇ ಆಡಬೇಕು. ಬೀಜ ಆರಿಸಿಡುವ ಹೆಣ್ಣುಮಕ್ಕಳೇ ಹೊಲಕ್ಕೆ ಏನು ಬಿತ್ತಬೇಕೆಂಬುದನ್ನೂ ತೀರ್ಮಾನಿಸುತ್ತಾರೆ ಎಂಬುದು ನನ್ನ ಪ್ರಾಕ್ಕಲ್ಪನೆ. ನೂರಿಪ್ಪತ್ತು ಪ್ರಶ್ನಾವಳಿಗಳಲ್ಲಿ ಹದಿನಾಲ್ಕು ಉಳಿದಿದ್ದವು. ಸುಗ್ಗಿಯ ಕಾಲ, ಮನೆಯಲ್ಲಿ ಯಾರೂ ಸಿಗುತ್ತಿರಲಿಲ್ಲ. ಹನ್ನೊಂದು ವಾರದಲ್ಲಿ ಪ್ರಬಂಧ ಸಲ್ಲಿಸದಿದ್ದರೆ ನನ್ನ ನೋಂದಣಿಯೇ ರದ್ದಾಗುತ್ತಿತ್ತು. ಉಳಿದವರೆಲ್ಲ ನಮ್ಮ ಓಣಿಯ ಹೆಂಗಸರೇ, ಅಂಗೈ ಹುಣ್ಣಿಗೆ ಕನ್ನಡಿ ಏಕೆ ಎಂದುಕೊಂಡು ಆ ಹದಿನಾಲ್ಕನ್ನೂ ನಾನೇ ತುಂಬಿದೆ. ಅವುಗಳಲ್ಲಿ ಮಾಯವ್ವನದೂ ಒಂದು.

ಸರ್ ಕೊನೆಗೆ ಕೊಟ್ಟ ಆ ಹದಿನಾಲ್ಕರ ಹಾಳೆಗಳನ್ನು ತಿರುವಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಹದಿನಾಲ್ಕು ಮಂದಿಯೊಳಗ ಒಬ್ಬರೂ ‘ಗೊತ್ತಿಲ್ಲ’ ಅನ್ನಲಿಲ್ಲೇನ್ರಿ, ಭಾಗೀರಥಿ?”

ನಾನು ಅತ್ತು ಒಪ್ಪಿಕೊಂಡೆ. ಬೈದಿದ್ದರೆ ಹಗುರಾಗುತ್ತಿತ್ತು, ಅವರು ಬೈಯಲಿಲ್ಲ. ಮುಂದಿನ ಮೂರು ರವಿವಾರ ನನ್ನೊಂದಿಗೆ ಬಸ್ಸು ಹತ್ತಿ ಸಿರಸಂಗಿಗೆ ಬಂದರು. ತಾವು ಎದುರಿಗಿದ್ದರೆ ಹೆಣ್ಣುಮಕ್ಕಳ ಉತ್ತರ ಬದಲಾದೀತೆಂದು ಬೇವಿನ ಗಿಡದ ಕೆಳಗೆ ಪುಸ್ತಕ ಹಿಡಿದು ಕುಳಿತರು. ಅವರ ಮನೆಯವರಾದ ಮಥುರಾಬಾಯಿಯವರು ಕಟ್ಟಿ ಕಳಿಸಿದ ದಪಾಟಿ ರೊಟ್ಟಿಯಲ್ಲಿ ಹೆಚ್ಚಿನ ಪಾಲು ನನ್ನದೇ ಆಗುತ್ತಿತ್ತು.

ಕೊನೆಯ ರವಿವಾರ ಮಾಯವ್ವನ ಸರದಿ. ನಿನ್ನ ಉತ್ತರಗಳನ್ನು ನಾನೇ ಬರೆದಿದ್ದೆ ಎಂದು ಮೊದಲು ಒಪ್ಪಿಕೊಂಡು, ಆಮೇಲೆ ಪ್ರಶ್ನೆ ಕೇಳಿದೆ. ಅವಳು ಕಾಳು ಆರಿಸುತ್ತಿದ್ದ ಮೊರವನ್ನು ಬದಿಗಿಟ್ಟಳು.

“ಬೀಜಾ ಆರಸಾಕಿ ನಾನ ಖರೆ. ಏನ್ ಬಿತ್ತೂದಂತ ಈ ಮನ್ಯಾಗ ನನ್ನ ಯಾರೂ ಕೇಳಿಲ್ಲವಾ. ನೀನೂ ಕೇಳಿರಲಿಲ್ಲ.”

ಅವಳ ತೊಡೆಯ ಮೇಲೆ ಬೆಳೆದವಳು ನಾನು. ಆ ಮಾತು ಇಂದಿಗೂ ನನ್ನ ಎದೆಯಲ್ಲಿ ಚುಚ್ಚುತ್ತದೆ. ಹದಿನಾಲ್ಕರಲ್ಲಿ ಒಂಬತ್ತು ಮಂದಿ ಅದನ್ನೇ ಹೇಳಿದ್ದರು. ಚೀಲದಲ್ಲಿದ್ದ ಉಳಿದ ನೂರಾ ಆರನ್ನು ಅಂದೇ ಅಲ್ಲೇ ಮತ್ತೆ ಓದಿದಾಗ, ನನ್ನ ಪ್ರಾಕ್ಕಲ್ಪನೆಗೆ ಒಪ್ಪುವಂತೆ ನಾನು ಎಳೆದುಕೊಂಡಿದ್ದ ಉತ್ತರಗಳೂ ಅದನ್ನೇ ಹೇಳುತ್ತಿದ್ದವು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವೆಂದು ಬೇವಿನ ಗಿಡದ ಕೆಳಗೆ ಕುಸಿದೆ.

“ನಿಮ್ಮ ಚಿಗವ್ವ ಹೇಳಿದ್ದು ಮರತ್ರೇನು? ಮೊಳೀಲಿಲ್ಲ ಅನ್ನೂದೂ ಒಂದು ಉತ್ತರನ ಅದ. ಅದನ್ನ ಬರೀರಿ,” ಎಂದರು ಸರ್.

ಬರೆದೆ. ಉಳಿದ ವಾರಗಳಲ್ಲಿ ಅವರು ತಮ್ಮ ಬರವಣಿಗೆಯನ್ನೆಲ್ಲ ಬದಿಗಿಟ್ಟು ನನ್ನ ಅಧ್ಯಾಯಗಳನ್ನು ತಿದ್ದಿದರು. ಗಡುವಿಗೆ ಎರಡು ದಿನವಿರುವಾಗ ಪ್ರಬಂಧ ಸಲ್ಲಿಕೆಯಾಯಿತು. ಮುನವಳ್ಳಿಯಲ್ಲಿ ನಾನಿಂದು ಪಾಠ ಮಾಡುತ್ತಿದ್ದರೆ ಅದು ಆ ಮೂರು ರವಿವಾರಗಳ ಪುಣ್ಯ.

ಸರ್ ಕಿತ್ತೂರಿಗೆ, ಅಲ್ಲಿಂದ ಬೈಲಹೊಂಗಲಕ್ಕೆ ವರ್ಗವಾಗಿ ಹೋದರೂ ಆ ನೋಟಬುಕ್ ನನ್ನ ಬಳಿಯೇ ಇದೆ. ಒಂದು ಪದ ಬಿಟ್ಟು ಎಲ್ಲವೂ ಶಾಯಿಯಲ್ಲಿವೆ. ಉಳಿದದ್ದು ‘ವಸ್ತುನಿಷ್ಠತೆ’. ತನ್ನವರೆಂಬ ಮಮತೆ ನಡುವೆ ಬರದಂತೆ ಇದ್ದದ್ದನ್ನು ಇದ್ದಹಾಗೆ ಕಾಣುವುದು ಎಂದು ಅದನ್ನು ಮಾಯವ್ವನಿಗೆ ವಿವರಿಸಿದಾಗ, ಅಂಥವರು ಯಾರಿದ್ದಾರೆಂದು ಅವಳು ನನ್ನನ್ನೇ ಕೇಳಿದ್ದಳು. ಅವಳೀಗ ಇಲ್ಲ.

ಪೂಜ್ಯ ಸರ್, ತಾವೂ ಮಥುರಾಬಾಯಿಯವರೂ ಆಯುರಾರೋಗ್ಯದಿಂದ ನೂರ್ಕಾಲ ಬಾಳಬೇಕು, ಇನ್ನೂ ಅನೇಕ ಮಕ್ಕಳ ನೋಟಬುಕ್ಕಿಗೆ ತಮ್ಮ ಶಾಯಿ ಸಲ್ಲಬೇಕು. ನನ್ನದೊಂದು ಪದ ಮಾತ್ರ ಪೆನ್ಸಿಲ್ಲಿನಲ್ಲೇ ಇರಲಿ. ಮಮತೆಯೇ ತುಂಬಿರುವ ಈ ಲೇಖನ ಓದಿದ ಮೇಲೆ ತಾವಾದರೂ ಅದರ ಮೇಲೆ ಶಾಯಿ ಹೇಗೆ ತೀಡುತ್ತೀರಿ?